ದೆವ್ವದ ಹಡಗಿನ ಕಥೆಯ ಬುಡ ಹುಡುಕುವುದು ಹೇಗೆ?

ಯಾವುದಾದರೂ ಕರಾವಳಿಯ ದೆವ್ವದ ಹಡಗಿನ ಕಥೆ ಸಿಕ್ಕಿದರೆ, ನಿಜವಾ ಸುಳ್ಳಾ ಅಂತ ವಾದಕ್ಕೆ ಇಳಿಯಬೇಡಿ. ಮೊದಲು ಆ ಜಾಗದಲ್ಲಿ ಯಾವ ಹಡಗು ಒಡೆದಿತ್ತು ಅಂತ ಹುಡುಕಿ. ಹೆಚ್ಚಿನ ಕಥೆಗಳ ಕೆಳಗೆ ನಿಜವಾಗಿ ಸತ್ತ ಜನ ಇರುತ್ತಾರೆ, ಅವರನ್ನು ಮರೆತು ಬರೀ ದೆವ್ವದ ಬಗ್ಗೆ ಮಾತಾಡುವುದು ನನಗಂತೂ ಸರಿ ಅನ್ನಿಸುವುದಿಲ್ಲ.

ಕೆನಡಾದ ವ್ಯಾಂಕೂವರ್ ದ್ವೀಪದ ಪಶ್ಚಿಮ ಕರಾವಳಿಯನ್ನೇ ತಗೊಳ್ಳಿ. ಒಡೆದ ಹಡಗುಗಳು ಎಷ್ಟು ಜಾಸ್ತಿ ಅಂದರೆ ಆ ಭಾಗದ ಕಡಲಿಗೆ ‘ಪೆಸಿಫಿಕ್‌ನ ಸ್ಮಶಾನ’ ಅನ್ನುವ ಹೆಸರೇ ಬಿದ್ದಿದೆ. 1906ರ ಜನವರಿ 22ರ ರಾತ್ರಿ, ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟಿದ್ದ ವೆಲೆನ್ಸಿಯಾ ಅನ್ನುವ ಹಡಗು ಕೆಟ್ಟ ಹವಾಮಾನದಲ್ಲಿ, ತಾನು ಒಳಗೆ ತಿರುಗಬೇಕಿದ್ದ ಜಲಸಂಧಿಯ ಬಾಯಿ ಕಾಣದೆ ಮುಂದೆ ಹೋಗಿ ಬಂಡೆಗೆ ಬಡಿಯಿತು. ದಡ ಹತ್ತಿರದಲ್ಲೇ ಇತ್ತು. ಆದರೆ ಎದುರಿಗಿದ್ದದ್ದು ಕಡಿದಾದ ಬಂಡೆ, ನಡುವೆ ಹುಚ್ಚು ಅಲೆ. ನೂರಕ್ಕೂ ಹೆಚ್ಚು ಜನ ಸತ್ತರು, ಹೆಂಗಸರು ಮಕ್ಕಳಲ್ಲಿ ಒಬ್ಬರೂ ಉಳಿಯಲಿಲ್ಲ. ಆಮೇಲೆ ಶುರುವಾದದ್ದು ಅಸ್ಥಿಪಂಜರಗಳು ಹುಟ್ಟು ಹಾಕುವ ದೋಣಿಯ ಕಥೆ. ಇನ್ನೊಂದು ಸಂಗತಿಯೂ ಇದೆ, ಇದು ಕಥೆಯಲ್ಲ: 1933ರಲ್ಲಿ, ಅಂದರೆ 27 ವರ್ಷದ ನಂತರ, ಅದೇ ಹಡಗಿನ ಒಂದು ರಕ್ಷಣಾ ದೋಣಿ ಹತ್ತಿರದ ಬಾರ್ಕ್ಲೀ ಸೌಂಡ್ ಅನ್ನುವ ಕೊಲ್ಲಿಯಲ್ಲಿ ತೇಲುತ್ತಾ ಸಿಕ್ಕಿತು. ಇಂಥದ್ದು ಸಿಕ್ಕಿದಾಗ ಕಥೆ ಒಂದು ಕಡೆ, ದಾಖಲೆ ಇನ್ನೊಂದು ಕಡೆ ಬರೆದಿಟ್ಟುಕೊಳ್ಳಿ.

ಆಮೇಲೆ ಇಸವಿ ನೋಡಿ. ಅಮೆರಿಕದ ಬ್ಲಾಕ್ ಐಲ್ಯಾಂಡ್ ಹತ್ತಿರ ಉರಿಯುವ ಹಡಗು ಕಾಣುತ್ತದೆ ಅನ್ನುತ್ತಾರಲ್ಲ, ಅದರ ಹಿಂದಿರುವುದು 1738ರ ಡಿಸೆಂಬರ್‌ನಲ್ಲಿ ಅಲ್ಲಿ ಬಡಿದ ಪ್ರಿನ್ಸೆಸ್ ಆಗಸ್ಟಾ, ಜರ್ಮನಿಯಿಂದ ವಲಸೆ ಹೊರಟವರ ಹಡಗು. ದ್ವೀಪದವರೇ ದೋಚಿ ಬೆಂಕಿ ಇಟ್ಟರು ಅನ್ನುವ ಮಾತನ್ನು ದೂರದೂರಕ್ಕೆ ಹಬ್ಬಿಸಿದ್ದು 1867ರಲ್ಲಿ ಬಂದ, ಅಮೆರಿಕದ ಕವಿ ವಿಟಿಯರ್ ಅವರ ಕವಿತೆ. ಬದುಕಿದ ಸಿಬ್ಬಂದಿ ಕೊಟ್ಟ ಹೇಳಿಕೆಯಲ್ಲಿ ಬೆಂಕಿಯ ಸುದ್ದಿಯೇ ಇಲ್ಲ! ಒಂದು ಊರಿನವರ ಮೇಲೆ ಕೊಲೆಯ ಆರೋಪ ಹೊರಿಸುವ ಕಥೆಯಾದರೆ ಇನ್ನೂ ಹುಷಾರಾಗಿರಿ.

ಹಗಲಲ್ಲಿ ನೀರಿನ ಮೇಲೆ ತೇಲುವ, ತಲೆಕೆಳಗಾದ ಹಡಗು ಕಂಡರೆ ಅದು ಬಹುಶಃ ಫಾಟಾ ಮೊರ್ಗಾನಾ ಅನ್ನುವ ಮರೀಚಿಕೆ. ತಣ್ಣನೆಯ ಗಾಳಿಯ ಮೇಲೆ ಬಿಸಿ ಗಾಳಿಯ ಪದರ ಕೂತಾಗ ಬೆಳಕು ಬಾಗಿ, ದೂರದ ಹಡಗು ಹಿಗ್ಗಿ ಮೇಲೆದ್ದಂತೆ ಕಾಣುತ್ತದೆ. ಆದರೆ ಎಲ್ಲ ಕಥೆಗೂ ಇದನ್ನೇ ಅಂಟಿಸಬೇಡಿ.

ಜಾಗ ನೋಡಲು ಹೋಗುವುದಾದರೆ ಉಬ್ಬರ ಇಳಿತದ ಸಮಯ ನೋಡಿಕೊಂಡು ಹೋಗಿ. ಕತ್ತಲಲ್ಲಿ ಬಂಡೆ ಇಳಿಯಲೇಬೇಡಿ.