ಶಕ್ತಿ ಸರಿ ಬಂತು, ಕೋನ ತಪ್ಪಾಗಿತ್ತು

ನ್ಯೂಕ್ಲಿಯಸ್‌ನ ಲೆಕ್ಕವನ್ನು ಕ್ವಾಂಟಮ್ ಕಂಪ್ಯೂಟರ್ ಮೇಲೆ ಮಾಡಿ ನೋಡಬೇಕು ಅಂತ ಹೊರಟಾಗ ನಾನು ಆರಿಸಿಕೊಂಡಿದ್ದು ಡ್ಯೂಟರಾನ್. ಒಂದು ಪ್ರೋಟಾನ್, ಒಂದು ನ್ಯೂಟ್ರಾನ್, ಅಷ್ಟೇ. ಎರಡನ್ನೂ ಬಿಡಿಸಲು 2.2246 ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್) ಶಕ್ತಿ ಬೇಕು ಅಂತ ಪ್ರಯೋಗಗಳಿಂದ ಗೊತ್ತಿದೆ. ಉತ್ತರ ಗೊತ್ತಿರುವ ಲೆಕ್ಕ ಯಾಕೆ ಅಂತ ಕೇಳಬಹುದು. ಗೊತ್ತಿದ್ದರೆ ತಾನೇ ಎಲ್ಲಿ ಎಡವಿದೆವು ಅಂತ ತಿಳಿಯೋದು.

ಆಸೆ ಮಾತ್ರ ದೊಡ್ಡದೇ ಇತ್ತು. ನಿಕ್ಕಲ್-56 ತಗೊಳ್ಳಿ. ಒಳಗಿನ 40 ಕಣಗಳನ್ನು ಹಾಗೇ ಬಿಟ್ಟು, ಹೊರಗಿನ 16 ಕಣಗಳನ್ನು ಮಾತ್ರ 40 ಜಾಗಗಳಲ್ಲಿ ಕೂರಿಸುತ್ತಾ ಹೋದರೂ ಲೆಕ್ಕಕ್ಕೆ ಬರುವ ಜೋಡಣೆಗಳು 100 ಕೋಟಿ ದಾಟುತ್ತವೆ. ಸಾಮಾನ್ಯ ಕಂಪ್ಯೂಟರ್‌ನ ಮೆಮೊರಿ ಇಲ್ಲಿ ಬಹಳ ಬೇಗ ಸಾಕಾಗದೆ ಹೋಗುತ್ತದೆ. ಅದೇ ಒಂದು ಜಾಗಕ್ಕೆ ಒಂದು ಕ್ವಿಬಿಟ್ (ಸೊನ್ನೆ, ಒಂದು ಎರಡನ್ನೂ ಬೆರೆಸಿ ಹಿಡಿಯಬಲ್ಲ ಕ್ವಾಂಟಮ್ ಬಿಟ್) ಅಂತ ಕೊಟ್ಟರೆ 40 ಕ್ವಿಬಿಟ್ ಸಾಕು. ಈ ಆಕರ್ಷಣೆಗೇ ನಾನು ಇಲ್ಲಿಗೆ ಬಂದಿದ್ದು.

2018ರಲ್ಲಿ ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದ ವಿಜ್ಞಾನಿಗಳು ಮತ್ತು ಅವರ ಸಂಗಡಿಗರು ಡ್ಯೂಟರಾನ್ ಲೆಕ್ಕವನ್ನು ಕ್ಲೌಡ್ ಮೂಲಕ ಐಬಿಎಂ ಮತ್ತು ರಿಗೆಟ್ಟಿ ಕಂಪನಿಗಳ ಕ್ವಾಂಟಮ್ ಯಂತ್ರಗಳಲ್ಲಿ ಮಾಡಿ ತೋರಿಸಿದ್ದರು. ನಾನು ಅದೇ ದಾರಿ ಹಿಡಿದೆ. ಎರಡು ಕ್ವಿಬಿಟ್ ಸಾಕಾಗುವ ಚಿಕ್ಕ ರೂಪ. ಮೊದಲನೆಯದನ್ನು ತಿರುಗಿಸಿ ಒಂದಕ್ಕೆ ತರಬೇಕು. ಎರಡನೆಯದನ್ನು ಒಂದು ಕೋನದಷ್ಟು ತಿರುಗಿಸಬೇಕು. ನಡುವೆ ಒಂದೇ ಒಂದು ಸಿ-ನಾಟ್ ಗೇಟ್, ಅಂದರೆ ಒಂದು ಕ್ವಿಬಿಟ್ ನೋಡಿ ಇನ್ನೊಂದನ್ನು ತಿರುವಿ ಹಾಕುವ ಹೆಜ್ಜೆ. ಆಮೇಲೆ ಮೂರು ಬಗೆಯಲ್ಲಿ ಅಳೆಯಬೇಕು, ಪ್ರತಿ ಬಗೆಗೂ ಸಾವಿರಾರು ಸಲ. ಬಂದ ಎಣಿಕೆಗಳಿಂದ ಶಕ್ತಿ ಲೆಕ್ಕ ಹಾಕಿ, ಅದು ಎಲ್ಲಿ ಅತಿ ಕಡಿಮೆ ಆಗುತ್ತದೆ ಅಂತ ಕೋನ ಬದಲಿಸುತ್ತಾ ಹುಡುಕಬೇಕು. ಹುಡುಕುವ ಕೆಲಸ ಮಾಮೂಲಿ ಕಂಪ್ಯೂಟರ್‌ನದು.

ಮೊದಲು ಸಿಮ್ಯುಲೇಟರ್‌ನಲ್ಲಿ ಓಡಿಸಿದೆ. ಶಕ್ತಿ −1.749 ಎಂಇವಿ ಬಂತು (ಕಣಗಳು ಅಂಟಿಕೊಂಡಿರುವುದರಿಂದ ಮೈನಸ್). ಎರಡೇ ಕ್ವಿಬಿಟ್‌ನ ಚಿಕ್ಕ ರೂಪಕ್ಕೆ ಬರಬೇಕಾದ ಉತ್ತರ ಅದೇ. ತುಂಬಾ ಖುಷಿಯಾಯಿತು. ಮೂರು ದಿನ ಆದ ಮೇಲೆ ಕೋನದ ಕಡೆ ಕಣ್ಣು ಹೋಯಿತು. 0.59 ರೇಡಿಯನ್ ಇರಬೇಕಿತ್ತು. ನನಗೆ ಬಂದಿದ್ದು 2.55.

ಕಾಗದ ತಗೊಂಡು ಕೂತೆ. 0.59ನ್ನೂ 2.55ನ್ನೂ ಕೂಡಿದರೆ 3.14, ಅಂದರೆ ಪೈ. ಅಲ್ಲಿಗೆ ಗುಟ್ಟು ಬಿಚ್ಚಿಕೊಂಡಿತು. ನಾನು ಬಳಸಿದ ಲೈಬ್ರರಿ ಕ್ವಿಬಿಟ್‌ಗಳನ್ನು ಬಲದಿಂದ ಎಡಕ್ಕೆ ಬರೆಯುತ್ತದೆ. ನಾನು ಎಡದಿಂದ ಬಲಕ್ಕೆ ಓದಿದ್ದೆ. ಎರಡೂ ಅದಲುಬದಲಾದರೆ ಕನಿಷ್ಠ ಶಕ್ತಿ ಒಂದಿಷ್ಟೂ ಬದಲಾಗಲ್ಲ, ಕೋನ ಮಾತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿಕೊಳ್ಳುತ್ತದೆ. ಸುಮ್ನೆ ಬಿಡುವ ತಪ್ಪು ಅಲ್ಲ ಇದು. ಸರಿಯಾದ ಕೋನದಲ್ಲಿ ಡ್ಯೂಟರಾನ್ ಅತಿ ಕೆಳಗಿನ ಮಟ್ಟದಲ್ಲಿ ಸಿಗುವ ಸಾಧ್ಯತೆ ನೂರಕ್ಕೆ 91. ನಾನು ಆ ತಿರುಗಿದ ಕೋನವನ್ನೇ ನಂಬಿ ಮುಂದಿನ ಲೆಕ್ಕಕ್ಕೆ ಹಾಕಿದ್ದರೆ ಅದು 9 ಆಗಿರುತ್ತಿತ್ತು. ನ್ಯೂಕ್ಲಿಯಸ್‌ನ ಚಿತ್ರವೇ ತಲೆಕೆಳಗು. ಅಂದಿನಿಂದ ಶಕ್ತಿ ಒಂದನ್ನೇ ನೋಡಿ ನಾನು ಯಾವ ಲೆಕ್ಕವನ್ನೂ ಒಪ್ಪುವುದಿಲ್ಲ.

ನಿಜವಾದ ಯಂತ್ರದಲ್ಲಿ ಬೇರೆ ಕಷ್ಟ. ಗದ್ದಲ (ಲೆಕ್ಕ ಕೆಡಿಸುವ ಯಂತ್ರದ ತಪ್ಪುಗಳು) ಜಾಸ್ತಿ, ಅದರಲ್ಲೂ ಸಿ-ನಾಟ್‌ನಲ್ಲಿ. ಇದಕ್ಕೊಂದು ಉಪಾಯ ಇದೆ, ನನಗೆ ತುಂಬಾ ಇಷ್ಟ. ಸಿ-ನಾಟ್ ಎರಡು ಸಲ ಹಾಕಿದರೆ ಏನೂ ಹಾಕದಂತೆ. ಹಾಗಾಗಿ ಒಂದರ ಜಾಗದಲ್ಲಿ 3, 5, 7 ಹಾಕಬಹುದು. ಲೆಕ್ಕ ಅದೇ ಉಳಿಯುತ್ತದೆ, ಗದ್ದಲ ಮಾತ್ರ ಏರುತ್ತಾ ಹೋಗುತ್ತದೆ. ಬಂದ ಬಿಂದುಗಳ ಮೂಲಕ ಗೆರೆ ಎಳೆದು ಹಿಂದಕ್ಕೆ ಹೋದರೆ ಗದ್ದಲವೇ ಇಲ್ಲದಿದ್ದರೆ ಏನು ಬರುತ್ತಿತ್ತು ಅಂತ ಅಂದಾಜು ಸಿಗುತ್ತದೆ. ನನ್ನ ಮೊದಲ ಪ್ರಯತ್ನದಲ್ಲಿ ನಾಲ್ಕೂ ಬಿಂದು ಒಂದೇ ಎತ್ತರದಲ್ಲಿ ಕೂತವು. ಕೋಡನ್ನು ಯಂತ್ರಕ್ಕೆ ಹೊಂದಿಸುವ ಕಂಪೈಲರ್ ಜೋಡಿ ಗೇಟ್‌ಗಳನ್ನು ನೋಡಿ, ಇವು ಬೇಡ ಅಂತ ತಾನೇ ಅಳಿಸಿ ಹಾಕಿತ್ತು! ನಡುವೆ ಬ್ಯಾರಿಯರ್ (ಇಲ್ಲಿ ಏನೂ ಅಳಿಸಬೇಡ ಅನ್ನುವ ಗುರುತು) ಹಾಕಿದ ಮೇಲೆ ಗೆರೆ ಏರಿತು.

ಅಲ್ಲಿಗೆ ಒಂದು ಅಂದಾಜು ಆಯಿತು. ಇನ್ನೊಂದೂ ಬೇಕು. ಎರಡು ಕ್ವಿಬಿಟ್‌ಗೆ −1.749, ಮೂರಕ್ಕೆ −2.046. ಎಷ್ಟು ಮಟ್ಟಗಳನ್ನು ಬೇಕಾದರೂ ಸೇರಿಸಬಹುದಾಗಿದ್ದರೆ ಏನಾಗುತ್ತಿತ್ತು ಅಂತ ಸೂತ್ರದಿಂದ ಮುಂದಕ್ಕೆ ಎಳೆದಾಗ ಉತ್ತರ ಪ್ರಯೋಗದ ಬೆಲೆಯ ಹತ್ತಿರ ಬಂದು ನಿಲ್ಲುತ್ತದೆ. ನೋಡಲು ಚೆಂದ. ಆದರೆ ಯಂತ್ರ ಕೊಟ್ಟಿದ್ದಕ್ಕಿಂತ ನಾವು ಎಳೆದ ಗೆರೆಗಳ ಪಾಲು ಇದರಲ್ಲಿ ಕಡಿಮೆ ಏನಲ್ಲ.

ಎಷ್ಟು ಅಳೆದದ್ದು, ಎಷ್ಟು ಊಹೆ ಅನ್ನುವ ಇದೇ ಪ್ರಶ್ನೆ ಮಷಿನ್ ಲರ್ನಿಂಗ್‌ನಲ್ಲೂ ಎದುರಾಯಿತು. ನ್ಯೂಕ್ಲಿಯಸ್‌ಗಳ ದ್ರವ್ಯರಾಶಿಯನ್ನು ನ್ಯೂರಲ್ ನೆಟ್‌ವರ್ಕ್‌ನಿಂದ ಊಹಿಸುವ ಕೆಲಸ ಅದು. ಪೂರ್ತಿ ರಾಶಿಯನ್ನು ಕಲಿಸಲು ಹೋಗಬಾರದು. ರಾಶಿಯನ್ನು ತೀರ್ಮಾನಿಸುವುದು ಬಂಧನ ಶಕ್ತಿ, ಅಂದರೆ ಕಣಗಳನ್ನೆಲ್ಲ ಬಿಡಿಸಲು ಬೇಕಾದ ಶಕ್ತಿ. ಸೀಸ-208ಕ್ಕೆ ಅದೇ 1636 ಎಂಇವಿ. ಅದರ ಬಹುಪಾಲನ್ನು 1935ರ ವೈಜ್‌ಸೆಕರ್ ಸೂತ್ರ ಆಗಲೇ ಹಿಡಿಯುತ್ತದೆ, ಸರಾಸರಿ ಸುಮಾರು 3 ಎಂಇವಿ ತಪ್ಪಿನಲ್ಲಿ. ಉಳಿದ ಆ ತಪ್ಪನ್ನು ಮಾತ್ರ ನೆಟ್‌ವರ್ಕ್‌ಗೆ ಕೊಟ್ಟೆ. ಪ್ರೋಟಾನ್ ಎಷ್ಟು, ನ್ಯೂಟ್ರಾನ್ ಎಷ್ಟು, ಸಮವೋ ಬೆಸವೋ, ಹತ್ತಿರದ ಮಾಯಾ ಸಂಖ್ಯೆ ಎಷ್ಟು ದೂರ (28, 50, 82, 126 ಹೀಗೆ, ನ್ಯೂಕ್ಲಿಯಸ್ ಹೆಚ್ಚು ಗಟ್ಟಿಯಾಗಿರುವ ಎಣಿಕೆಗಳು), ಇಷ್ಟೇ ಅದಕ್ಕೆ ಕೊಟ್ಟ ಮಾಹಿತಿ.

ಫಲಿತಾಂಶ ಚೆನ್ನಾಗಿತ್ತು, ಅನುಮಾನ ಬರುವಷ್ಟು ಚೆನ್ನಾಗಿತ್ತು. ದತ್ತಾಂಶದ ಫೈಲನ್ನು ತೆರೆದು ಸಾಲುಸಾಲಾಗಿ ನೋಡಿದೆ. ವಿಜ್ಞಾನಿಗಳು ಆಗಾಗ ಪರಿಷ್ಕರಿಸುವ ನ್ಯೂಕ್ಲಿಯಸ್ ರಾಶಿಗಳ ಪಟ್ಟಿಯೊಂದಿದೆ, ನನ್ನ ಫೈಲ್ ಅದೇ. ಅದರ 2020ರ ಆವೃತ್ತಿಯಲ್ಲಿ ಸುಮಾರು 3,500 ನ್ಯೂಕ್ಲಿಯಸ್‌ಗಳಿವೆ. ಅಳೆದ ರಾಶಿ ಇರುವುದು ಸುಮಾರು 2,550ಕ್ಕೆ. ಉಳಿದವು ಅಂದಾಜು. ಆ ಸಂಖ್ಯೆಗಳಲ್ಲಿ ದಶಮಾಂಶ ಚುಕ್ಕಿಯ ಜಾಗದಲ್ಲಿ ಹ್ಯಾಶ್ ಗುರುತು ಹಾಕಿರುತ್ತಾರೆ. ಫೈಲ್ ಓದಲು ಬರಲಿ ಅಂತ ನಾನು ಎಲ್ಲ ಹ್ಯಾಶ್‌ಗಳನ್ನೂ ಚುಕ್ಕಿ ಮಾಡಿಬಿಟ್ಟಿದ್ದೆ. ಒಂದೇ ಸಾಲಿನ ಕೋಡ್, ಪಟ್ಟಿ ಮಾಡಿದವರು ಅಷ್ಟು ಜೋಪಾನವಾಗಿ ಇಟ್ಟ ಎಚ್ಚರಿಕೆ ಅಳಿಸಿಹೋಯಿತು. ಆ ಅಂದಾಜುಗಳು ಅಕ್ಕಪಕ್ಕದ ಬೆಲೆಗಳ ಓಟ ನೋಡಿ ನಯವಾಗಿ ಮಾಡಿದವು. ನಯವಾದದ್ದನ್ನು ಕಲಿಯುವುದು ನೆಟ್‌ವರ್ಕ್‌ಗೆ ಸುಲಭ ಅಲ್ವಾ? ತಪ್ಪು ಕಡಿಮೆ ಕಂಡದ್ದಕ್ಕೆ ಅದೂ ಒಂದು ಕಾರಣ.

ಅವನ್ನು ತೆಗೆದೆ. ಪರೀಕ್ಷೆಯ ರೀತಿಯನ್ನೂ ಬದಲಿಸಿದೆ. ಮುಂಚೆ ಎಲ್ಲೆಲ್ಲಿಂದಲೋ ಕೆಲವು ನ್ಯೂಕ್ಲಿಯಸ್‌ಗಳನ್ನು ಎತ್ತಿಟ್ಟು ಪರೀಕ್ಷಿಸುತ್ತಿದ್ದೆ. ಹಾಗೆ ಎತ್ತಿಟ್ಟದ್ದರ ನಾಲ್ಕೂ ಪಕ್ಕದವು ಕಲಿಕೆಯಲ್ಲೇ ಇರುತ್ತವೆ, ನಡುವಿನದನ್ನು ತುಂಬುವುದು ದೊಡ್ಡ ಮಾತಲ್ಲ. ಈಗ 2003ರ ಪಟ್ಟಿಯಲ್ಲಿ ಅಳೆದದ್ದರಿಂದ ಮಾತ್ರ ಕಲಿಸುತ್ತೇನೆ. ಆಮೇಲೆ ಅಳೆದು 2020ರ ಪಟ್ಟಿಗೆ ಸೇರಿದವುಗಳಿಂದ ಪರೀಕ್ಷಿಸುತ್ತೇನೆ. ತಪ್ಪು ದುಪ್ಪಟ್ಟಿಗೂ ಜಾಸ್ತಿ ಆಯಿತು, ಅದರಲ್ಲೂ ನ್ಯೂಟ್ರಾನ್ ತುಂಬಾ ಹೆಚ್ಚಿರುವ ಅಂಚಿನಲ್ಲಿ. ನಕ್ಷತ್ರಗಳಲ್ಲಿ ಚಿನ್ನ, ಯುರೇನಿಯಂ ಹುಟ್ಟುವ ಲೆಕ್ಕಕ್ಕೆ ಬೇಕಾದದ್ದು ಆ ಅಂಚೇ. ಬೇಸರವಾಯಿತು, ಆದರೆ ಈ ಸಂಖ್ಯೆಯನ್ನು ಯಾರ ಮುಂದೆ ಬೇಕಾದರೂ ಇಡಬಲ್ಲೆ.

ಈಗ ನನ್ನ ಎಲ್ಲ ಫೈಲ್‌ಗಳಲ್ಲೂ ಬೆಲೆಯ ಪಕ್ಕ ಇನ್ನೊಂದು ಕಾಲಂ ಇದೆ. ಅಳೆದದ್ದಕ್ಕೆ ‘ಅ’, ಊಹಿಸಿದ್ದಕ್ಕೆ ‘ಊ’. ಒಂದರ ಮೇಲೊಂದು ಗೆರೆ ಎಳೆದಿದ್ದರೆ ಅಷ್ಟು ಸಲ ‘ಊ’. ಡ್ಯೂಟರಾನ್‌ಗೆ ಯಂತ್ರದಿಂದ ಬಂದ ಕೊನೆಯ ಉತ್ತರದ ಪಕ್ಕ ‘ಊಊ’ ಅಂತ ಬರೆದಿದ್ದೇನೆ.