ನಾಲ್ಕೇ ಬಣ್ಣದಲ್ಲಿ ನೊಸ್ಫೆರಾಟು

ಗೇಮ್‌ಬಾಯ್ ಅಂದ್ರೆ ಕೈಯಲ್ಲಿ ಹಿಡಿದು ಆಡುವ ನಿಂಟೆಂಡೋದ ಪುಟ್ಟ ಗೇಮ್ ಯಂತ್ರ. ಅದರ ಹಳೆಯ ಮಾದರಿಯ ಪರದೆಯಲ್ಲಿ ಅಡ್ಡಕ್ಕೆ 160 ಚುಕ್ಕಿ, ಉದ್ದಕ್ಕೆ 144. ಬಣ್ಣ ನಾಲ್ಕೇ, ಅದೂ ಹಸಿರಿನ ನಾಲ್ಕು ಛಾಯೆಗಳು ಅಷ್ಟೇ. ಇಷ್ಟರೊಳಗೆ 1922ರ ಒಂದು ಜರ್ಮನ್ ಮೂಕಿ ಚಿತ್ರವನ್ನು ಗೇಮ್ ಮಾಡಿ ಕೂರಿಸಬೇಕು ಅನ್ನುವುದು ನನ್ನ ಹುಚ್ಚು. ಚಿತ್ರ ‘ನೊಸ್ಫೆರಾಟು’, ನಿರ್ದೇಶಕ ಎಫ್. ಡಬ್ಲ್ಯೂ. ಮುರ್ನೌ. ಆಫೀಸು ಮುಗಿಸಿ ಬಂದು ರಾತ್ರಿ ಹೊತ್ತು ಒಬ್ಬನೇ ಕೂತು ಮಾಡಿದ್ದು. ಈಗ ಶುರುವಿನಿಂದ ಕೊನೆಯವರೆಗೆ ಆಡಬಹುದು.

ಇದೇ ಚಿತ್ರ ಯಾಕೆ? ಮೊದಲ ಕಾರಣ ಹಕ್ಕು. ಹೊಸ ಹಾರರ್ ಸಿನಿಮಾ ಹಿಡಿದರೆ ಮನೆಯಲ್ಲಿ ಆಡಿಕೊಳ್ಳಬಹುದೇ ಹೊರತು ನಾಲ್ಕು ಜನಕ್ಕೆ ಹಂಚೋಕಾಗಲ್ಲ. ನಮ್ಮಲ್ಲಿ ಸಿನಿಮಾದ ಹಕ್ಕು ಬಿಡುಗಡೆಯಾಗಿ 60 ವರ್ಷಕ್ಕೆ ಮುಗಿಯುತ್ತದೆ, ಅಮೆರಿಕದಲ್ಲೂ ಈ ಚಿತ್ರ ಸಾರ್ವಜನಿಕ ಸ್ವತ್ತು. ಆದರೆ ಈಚೆಗೆ ರಿಪೇರಿ ಮಾಡಿ ಬಿಟ್ಟ ಪ್ರತಿಗಳ ಜೊತೆ ಬರುವ ಸಂಗೀತಕ್ಕೆ ಬೇರೆ ಹಕ್ಕು ಇರಬಹುದು, ಅದನ್ನು ಮುಟ್ಟಲಿಲ್ಲ. ತಮಾಷೆ ಅಂದ್ರೆ ಈ ಚಿತ್ರವೇ ಕದ್ದ ಮಾಲು. 1897ರ ‘ಡ್ರಾಕುಲಾ’ ಕಾದಂಬರಿಯನ್ನು ಕೇಳದೆ ಎತ್ತಿಕೊಂಡು, ಹೆಸರು ಬದಲಾಯಿಸಿ ತೆಗೆದಿದ್ದರು. ಲೇಖಕ ಬ್ರಾಮ್ ಸ್ಟೋಕರ್ ಅವರ ಹೆಂಡತಿ ಫ್ಲಾರೆನ್ಸ್ ಕೋರ್ಟಿಗೆ ಹೋದರು, 1925ರಲ್ಲಿ ಎಲ್ಲ ಪ್ರತಿಗಳನ್ನೂ ನಾಶ ಮಾಡಿ ಅಂತ ಆದೇಶವಾಯಿತು. ಅಲ್ಲಿ ಇಲ್ಲಿ ಉಳಿದ ಪ್ರತಿಗಳಿಂದಲೇ ನಾವು ಇವತ್ತು ನೋಡುತ್ತಿರುವುದು.

ಎರಡನೇ ಕಾರಣ, ಅದು ಮೂಕಿ. ಮಾತಿಲ್ಲ, ಮಧ್ಯೆ ಮಧ್ಯೆ ಬರಹದ ಕಾರ್ಡ್ ಬರುತ್ತದೆ. ಗೇಮ್‌ಬಾಯ್‌ಗೂ ಮಾತು ಬರಲ್ಲ, ಅದೂ ಕಥೆಯನ್ನು ಬರಹದಲ್ಲೇ ಹೇಳಬೇಕು. ಅರ್ಧ ಕೆಲಸ ಮುರ್ನೌ ಅವರೇ ಮುಗಿಸಿಕೊಟ್ಟಂತಾಯಿತು.

ಸಾಧನದ ವಿಷಯಕ್ಕೆ ಬಂದರೆ ಜಿಬಿ ಸ್ಟುಡಿಯೋ ಅನ್ನುವ ಉಚಿತ ತಂತ್ರಾಂಶ ಸಾಕು. ಕೋಡ್ ಬರೆಯಲೇಬೇಕು ಅಂತಿಲ್ಲ, ‘ಇಲ್ಲಿಗೆ ಬಂದರೆ ಇದು ಆಗಲಿ’ ಅಂತ ಜೋಡಿಸುತ್ತಾ ಹೋಗುವುದು. ಚಿತ್ರ ಬಿಡಿಸೋಕೆ ಏಸ್‌ಪ್ರೈಟ್ ಬಳಸಿದೆ.

ಕಷ್ಟ ಇದ್ದದ್ದು ಬೇರೆ ಕಡೆ. ಹಾರರ್ ಸಿನಿಮಾವನ್ನು ಗೇಮ್ ಮಾಡಿದವರು ಮೊದಲಿಂದಲೂ ಮಾಡಿದ್ದು ಒಂದೇ, ಓಡು, ತಪ್ಪಿಸಿಕೋ, ಯಾರನ್ನಾದರೂ ಕಾಪಾಡು. 1983ರಲ್ಲೇ ಅಟಾರಿ 2600ಕ್ಕೆ ‘ಹ್ಯಾಲೊವೀನ್’ ಬಂದಿತ್ತು, ಅದರಲ್ಲಿ ಚಾಕು ಹಿಡಿದವನಿಂದ ಮಕ್ಕಳನ್ನು ಕಾಪಾಡಬೇಕು. ಆದರೆ ನೊಸ್ಫೆರಾಟುವಿನಲ್ಲಿ ಯಾರೂ ಹೋರಾಡುವುದೇ ಇಲ್ಲ! ನಾಯಕ ಹಟ್ಟರ್ ಕೋಟೆಯಲ್ಲಿ ಬಾಗಿಲು ತೆರೆದು ನೋಡುತ್ತಾನೆ, ದೂರದಲ್ಲಿ ರಕ್ತಪಿಶಾಚಿ ಕೌಂಟ್ ಓರ್ಲಾಕ್ ಕಂಬದ ಹಾಗೆ ನಿಂತಿರುತ್ತಾನೆ. ಬಾಗಿಲು ಮುಚ್ಚಿದರೆ ಹಾಕೋಕೆ ಅಗುಳಿ ಇಲ್ಲ. ಹಾಸಿಗೆಗೆ ಹೋಗಿ ಮುದುಡಿಕೊಳ್ಳುತ್ತಾನೆ, ಬಾಗಿಲು ತಾನಾಗೇ ತೆರೆದುಕೊಳ್ಳುತ್ತದೆ. ಇಂಥವನ ಕೈಗೆ ಬಂದೂಕು ಕೊಟ್ಟರೆ ಅದು ಬೇರೆಯೇ ಗೇಮ್ ಆಗುತ್ತದೆ. ಹಾಗಾಗಿ ಆಡುವವರ ಕೈಗೆ ಬಟನ್ ಕೊಡೋಣ, ಆದರೆ ಆ ಬಟನ್‌ನಿಂದ ಏನೂ ಉಪಯೋಗ ಆಗಬಾರದು ಅಂತ ತೀರ್ಮಾನ ಮಾಡಿದೆ.

ಆ ಕೋಣೆ ಹೀಗೆ ಕೆಲಸ ಮಾಡುತ್ತದೆ. ಬಾಗಿಲ ಹತ್ತಿರ ಹೋಗಿ ‘ಎ’ ಬಟನ್ ಒತ್ತಿದರೆ ಮುಚ್ಚುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ತೆರೆದುಕೊಳ್ಳುತ್ತದೆ, ಪ್ರತಿ ಸಲ ಆ ಹೊತ್ತು ಕಡಿಮೆಯಾಗುತ್ತಾ ಬರುತ್ತದೆ. ಓರ್ಲಾಕ್ ನಡೆಯುವುದನ್ನು ನಾನು ಬಿಡಿಸಲೇ ಇಲ್ಲ. ಹಟ್ಟರ್ ಯಾವ ದಿಕ್ಕಿಗೆ ಮುಖ ಮಾಡಿದ್ದಾನೆ ಅಂತ ನೋಡುವ ಒಂದು ಷರತ್ತು ಜಿಬಿ ಸ್ಟುಡಿಯೋದಲ್ಲಿದೆ. ಅವನು ಬಾಗಿಲಿಗೆ ಬೆನ್ನು ಹಾಕಿದಾಗ ಮಾತ್ರ ಓರ್ಲಾಕ್‌ನ ಚಿತ್ರವನ್ನು ಒಂದು ಸೈಜು ದೊಡ್ಡದಕ್ಕೆ ಬದಲಾಯಿಸುತ್ತೇನೆ. ಮೊದಲು ಪುಟ್ಟದಾಗಿ, ಆಮೇಲೆ ಬಾಗಿಲಿನ ಅರ್ಧ, ಕೊನೆಗೆ ಕಮಾನು ತುಂಬ. ಹಾಸಿಗೆ ಹತ್ತಿದರೆ ಮಾತ್ರ ದೃಶ್ಯ ಮುಂದೆ ಹೋಗುತ್ತದೆ, ಹಾಸಿಗೆ ಇರುವುದು ಬಾಗಿಲಿಗೆ ಬೆನ್ನು ಹಾಕಿಯೇ ಹೋಗಬೇಕಾದ ಕಡೆ. ಅಲ್ಲಿಂದ ಸೀದಾ ದೂರದ ವಿಸ್ಬೋರ್ಗ್ ಊರಿನಲ್ಲಿರುವ ಹಟ್ಟರ್‌ನ ಹೆಂಡತಿ ಎಲೆನ್‌ಳ ಮಲಗುವ ಕೋಣೆ. ಈಗ ನೀವು ಎಲೆನ್, ಎ ಒತ್ತಿದರೆ ನಿದ್ದೆಗಣ್ಣಲ್ಲೇ ಕೈ ಚಾಚುತ್ತಾಳೆ. ಮತ್ತೆ ಕೋಟೆಗೆ ಬಂದರೆ ಓರ್ಲಾಕ್ ತಿರುಗಿ ಹೋಗುತ್ತಿರುತ್ತಾನೆ. ಸಿನಿಮಾದಲ್ಲೂ ಇದಕ್ಕೆ ವಿವರಣೆ ಕೊಡಲ್ಲ, ನಾನೂ ಕೊಟ್ಟಿಲ್ಲ.

ಕೊನೆಯ ದೃಶ್ಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ. ಕೋಳಿ ಕೂಗುವವರೆಗೆ ಎಲೆನ್ ಓರ್ಲಾಕ್‌ನನ್ನು ತನ್ನ ಪಕ್ಕದಲ್ಲೇ ಉಳಿಸಿಕೊಳ್ಳಬೇಕು, ಬಿಸಿಲು ಬಿದ್ದರೆ ಅವನು ಕರಗಿ ಹೋಗುತ್ತಾನೆ. (ಬಿಸಿಲಿಗೆ ರಕ್ತಪಿಶಾಚಿ ಸಾಯುವುದು ಈ ಚಿತ್ರದಿಂದ ಬಂದ ಐಡಿಯಾ. ಕಾದಂಬರಿಯ ಡ್ರಾಕುಲಾ ಹಗಲಲ್ಲೇ ಓಡಾಡುತ್ತಾನೆ.) ಗೇಮ್‌ನಲ್ಲಿ ಇಲ್ಲಿ ಗೆಲ್ಲಬೇಕಾದರೆ ಏನೂ ಒತ್ತಬಾರದು. ಸುಮ್ನೆ ಕೂರಬೇಕು. ಒಂದು ಬಟನ್ ಮುಟ್ಟಿದರೂ ಎಲೆನ್ ಹಿಂದೆ ಸರಿಯುತ್ತಾಳೆ, ರಾತ್ರಿ ಮತ್ತೆ ಶುರು. ಗೆಳೆಯನೊಬ್ಬನಿಗೆ ಆಡೋಕೆ ಕೊಟ್ಟಾಗ ಸ್ವಲ್ಪ ಹೊತ್ತು ನೋಡಿ “ಏನ್ ಮಗಾ, ಹ್ಯಾಂಗ್ ಆಯ್ತಾ?” ಅಂದ. ಅದಕ್ಕೇ ಮೇಣದ ಬತ್ತಿ ಅಲ್ಲಾಡುವ ಹಾಗೆ ಮಾಡಿ, ಕೆಳಗೆ ಮೆಲ್ಲಗೆ ಎದೆಬಡಿತ ಹಾಕಿದೆ. ಎದೆಬಡಿತ ಇದ್ದರೆ ಜನ ಕಾಯುತ್ತಾರೆ.

ಸದ್ದಿಗೆ ಇರುವುದು ನಾಲ್ಕು ಚಾನೆಲ್. ಎರಡು ಪಲ್ಸ್, ಒಂದು ವೇವ್, ಒಂದು ನಾಯ್ಸ್. ಎದೆಬಡಿತ ವೇವ್‌ನಲ್ಲಿ, ಗಾಳಿ ಮತ್ತು ಸಮುದ್ರ ನಾಯ್ಸ್‌ನಲ್ಲಿ. ಸ್ವರವನ್ನು ತಾನಾಗೇ ಮೇಲೆ ಕೆಳಗೆ ಜಾರಿಸುವ ಸೌಲಭ್ಯ ಮೊದಲನೇ ಪಲ್ಸ್ ಚಾನೆಲ್‌ಗೆ ಮಾತ್ರ ಇದೆ, ಕೋಳಿಯ ಕೂಗು ಅಲ್ಲಿಂದ ಬಂತು. ಕೋಟೆಯಲ್ಲಿ ಸಂಗೀತವೇ ಇಲ್ಲ.

ಇನ್ನು ಕನ್ನಡ. ಬರಹದ ಕಾರ್ಡ್‌ಗಳು ಕನ್ನಡದಲ್ಲೇ ಇರಬೇಕು ಅಂತ ಹಟ ಹಿಡಿದೆ, ಅದೇ ಎಲ್ಲಕ್ಕಿಂತ ಜಾಸ್ತಿ ಬೆವರಿಳಿಸಿತು. ಗೇಮ್‌ಬಾಯ್ ಪರದೆಯನ್ನು 8×8 ಚುಕ್ಕಿಯ ಟೈಲ್‌ಗಳಲ್ಲಿ ಕಟ್ಟುತ್ತದೆ, ಇಂಗ್ಲಿಷ್ ಅಕ್ಷರ ಒಂದೊಂದು ಟೈಲ್‌ನಲ್ಲಿ ಆರಾಮಾಗಿ ಕೂರುತ್ತದೆ. ನಮ್ಮ ‘ಸ್ತ್ರೀ’ಯನ್ನು ಎಂಟು ಚುಕ್ಕಿ ಎತ್ತರದಲ್ಲಿ ಬರೆದು ನೋಡಿ! ಮೇಲೆ ಗುಡಿಸು, ಕೆಳಗೆ ಒತ್ತು, ಪಕ್ಕದಲ್ಲಿ ದೀರ್ಘ. ಹಾಗಾಗಿ ಫಾಂಟ್ ಆಸೆ ಬಿಟ್ಟು ಇಡೀ ಕಾರ್ಡನ್ನೇ ಚಿತ್ರವಾಗಿ ಬಿಡಿಸಿದೆ, ಒಂದು ಸಾಲಿಗೆ ಮೂರು ಟೈಲ್ ಎತ್ತರ. ಆದರೆ ಹಳೆಯ ಗೇಮ್‌ಬಾಯ್‌ಗಾಗಿ ಮಾಡುವಾಗ ಒಂದು ದೃಶ್ಯದಲ್ಲಿ 192ಕ್ಕಿಂತ ಜಾಸ್ತಿ ಬೇರೆ ಬೇರೆ ಟೈಲ್ ಇಡೋಕಾಗಲ್ಲ. ಖಾಲಿ ಜಾಗ ಎಷ್ಟಿದ್ದರೂ ಒಂದೇ ಟೈಲ್ ಲೆಕ್ಕ, ಬರೆದ ಜಾಗ ಮಾತ್ರ ತಿನ್ನುತ್ತದೆ. ಅಡ್ಡಕ್ಕೆ ಹದಿನಾರು ಟೈಲ್ ಅಂದುಕೊಂಡರೆ ನಾಲ್ಕು ಸಾಲಿಗೆ ಲೆಕ್ಕ ಮುಗಿಯಿತು, ಸಾಲಿಗೆ ಹತ್ತು ಹನ್ನೆರಡು ಅಕ್ಷರ. ಒತ್ತು ಇಲ್ಲದ ಪದ ಹುಡುಕುವುದೇ ಕೆಲಸವಾಯಿತು. ಒತ್ತಿಲ್ಲದ ಸಾಲಿನಲ್ಲಿ ಕೆಳಗಿನ ಟೈಲ್‌ಗಳು ಖಾಲಿ ಉಳಿದು ಇನ್ನೊಂದು ಪದಕ್ಕೆ ಜಾಗ ಸಿಗುತ್ತಿತ್ತು. “ಅವನು ಬಂದ. ಊರಲಿ ಇಲಿ.” ಅನ್ನೋ ಕಾರ್ಡ್ ಹುಟ್ಟಿದ್ದು ಹೀಗೆ, ನನಗೆ ಅದೇ ಇಷ್ಟ.

ಇಲಿ ಅಂದಾಗ ನೆನಪಾಯಿತು. ಓರ್ಲಾಕ್ ವಿಸ್ಬೋರ್ಗ್‌ಗೆ ಬರುವ ಹಡಗಿನಲ್ಲಿ ಇಲಿಗಳ ರಾಶಿ ಬೇಕಿತ್ತು. ಗೇಮ್‌ಬಾಯ್ ಒಟ್ಟು 40 ಸ್ಪ್ರೈಟ್ (ಹಿನ್ನೆಲೆಯ ಮೇಲೆ ಓಡಾಡುವ ಪುಟ್ಟ ಚಿತ್ರ) ತೋರಿಸುತ್ತದೆ, ಆದರೆ ಒಂದೇ ಅಡ್ಡ ಸಾಲಿನಲ್ಲಿ ಹತ್ತು ಮಾತ್ರ, ಹನ್ನೊಂದನೆಯದು ಮಾಯ. ನಾಲ್ಕೈದು ಇಲಿ ಮಾತ್ರ ನಿಜವಾದ ಸ್ಪ್ರೈಟ್, ಉಳಿದವನ್ನು ಹಿನ್ನೆಲೆಯ ಟೈಲ್‌ನಲ್ಲೇ ಬಿಡಿಸಿ ಟೈಲ್ ಬದಲಾಯಿಸುತ್ತಾ ಅಲ್ಲಾಡಿಸಿದೆ.

ಕಲರ್ ಗೇಮ್‌ಬಾಯ್‌ನಲ್ಲಿ ಆಡಿದರೆ ಒಂದು ಲಾಭ ಇದೆ. ಮೂಲ ಚಿತ್ರದ ರಾತ್ರಿ ದೃಶ್ಯಗಳನ್ನು ತೆಗೆದದ್ದು ಹಗಲಿನಲ್ಲಿ, ಆಮೇಲೆ ಫಿಲ್ಮಿಗೆ ನೀಲಿ ಹಚ್ಚುತ್ತಿದ್ದರು. ಬಣ್ಣ ಇಲ್ಲದ ಪ್ರತಿ ನೋಡಿದರೆ ಓರ್ಲಾಕ್ ಚೆನ್ನಾದ ಬಿಸಿಲಲ್ಲಿ ಶವಪೆಟ್ಟಿಗೆ ಹೊತ್ತುಕೊಂಡು ಹೋಗುತ್ತಿರುತ್ತಾನೆ, ನಗು ಬರುತ್ತದೆ. ನಾನೂ ಅದೇ ಉಪಾಯ ಮಾಡಿದೆ. ಚಿತ್ರ ಒಂದೇ, ಪ್ಯಾಲೆಟ್ ಮಾತ್ರ ಬೇರೆ. ರಾತ್ರಿಗೆ ನೀಲಿ, ದೀಪದ ಕೋಣೆಗೆ ಹಳದಿ, ಬೆಳಗಿನ ಜಾವಕ್ಕೆ ತಿಳಿ ಗುಲಾಬಿ.

ಕಂಪ್ಯೂಟರಿನ ಎಮ್ಯುಲೇಟರ್‌ನಲ್ಲಿ (ಗೇಮ್‌ಬಾಯ್‌ನಂತೆ ನಟಿಸುವ ತಂತ್ರಾಂಶ) ಚೆನ್ನಾಗಿ ಕಂಡದ್ದು ನಿಜವಾದ ಹಳೆಯ ಗೇಮ್‌ಬಾಯ್‌ನಲ್ಲಿ ಹಾಗೇ ಕಾಣಲ್ಲ. ಆ ಪರದೆ ನಿಧಾನ, ಚಲಿಸುವ ವಸ್ತು ಹಿಂದೆ ಮಸಿ ಬಿಟ್ಟುಕೊಂಡು ಹೋಗುತ್ತದೆ. ಮೆಟ್ಟಿಲ ಗೋಡೆ ಮೇಲೆ ಓರ್ಲಾಕ್‌ನ ನೆರಳು ಹತ್ತುವ ದೃಶ್ಯಕ್ಕೆ ಇದರಿಂದ ಒಳ್ಳೆಯದೇ ಆಯಿತು, ಇಲಿಗಳಿಗೆ ಮಾತ್ರ ಕೆಟ್ಟದಾಯಿತು. ಅವುಗಳ ವೇಗ ಇಳಿಸಿದೆ. ಹಡಗಿನ ಭಾಗ ನನಗೆ ಇನ್ನೂ ಸಮಾಧಾನ ಕೊಟ್ಟಿಲ್ಲ, ಅಲ್ಲಿ ಆಡುವವರು ನಾವಿಕನಾಗಬೇಕೋ ಇಲಿಯೇ ಆಗಬೇಕೋ ಅಂತ ಯೋಚನೆ ನಡೆದಿದೆ. ಇಲಿ ಕಡೆಗೇ ಮನಸ್ಸು ವಾಲುತ್ತಿದೆ.