ಹೇಳಿ ಹೋದ ಅಮ್ಮ

ನಾನು 11 ವರ್ಷದಿಂದ ಶಿಶುವಿಹಾರದಲ್ಲಿ ಟೀಚರ್. ನನ್ನ ಹತ್ತಿರ ಬರುವುದು 3-4 ವರ್ಷದ ಮಕ್ಕಳು. ಮೊದಮೊದಲು ಒಂದು ತಪ್ಪು ಮಾಡುತ್ತಿದ್ದೆ. ಮಗು ಆಟದಲ್ಲಿ ಮುಳುಗಿದ ಕೂಡಲೇ ಅಮ್ಮನಿಗೆ ಸನ್ನೆ ಮಾಡಿ, ಸದ್ದಿಲ್ಲದೆ ಕಳಿಸಿಬಿಡುತ್ತಿದ್ದೆ. ಅಳು ತಪ್ಪಿತಲ್ಲ ಅಂತ ಸಮಾಧಾನ.

ಒಬ್ಬ ಹುಡುಗನಿಗೆ ಎರಡು ದಿನ ಹೀಗೇ ಮಾಡಿದೆ. ಮೂರನೇ ದಿನ ಅವನು ಆಟಿಕೆ ಮುಟ್ಟಲೇ ಇಲ್ಲ. ಅಮ್ಮನ ಎರಡು ಬೆರಳು ಗಟ್ಟಿಯಾಗಿ ಹಿಡಿದು, ಬಾಗಿಲು ನೋಡುತ್ತಾ ಕೂತ. ಆಡಿದರೆ ಅಮ್ಮ ಮಾಯವಾಗುತ್ತಾಳೆ ಅಂತ ಅವನಿಗೆ ಕಲಿಸಿದ್ದು ನಾನೇ ಅಲ್ವಾ?

ಅಮ್ಮ-ಮಗುವಿನ ನಂಟಿನ ಬಗ್ಗೆ ಅಧ್ಯಯನ ಮಾಡಿದ ಜಾನ್ ಬೌಲ್ಬಿ, ಮೇರಿ ಐನ್ಸ್‌ವರ್ತ್ ಬಗ್ಗೆ ತರಬೇತಿಯಲ್ಲಿ ಓದಿದ್ದೆ. ನಂಬಿದವರು ಹತ್ತಿರವಿದ್ದರೆ ಮಗು ಧೈರ್ಯವಾಗಿ ದೂರ ಹೋಗಿ ಆಡುತ್ತದೆ, ಹೆದರಿದರೆ ಓಡಿ ಬರುತ್ತದೆ. ಅಮ್ಮ ಹೋದಾಗಿನ ಅಳುವಿಗಿಂತ, ಅವಳು ವಾಪಸ್ ಬಂದಾಗ ಮಗು ಏನು ಮಾಡುತ್ತದೆ ಅನ್ನುವುದಕ್ಕೇ ಐನ್ಸ್‌ವರ್ತ್ ಹೆಚ್ಚು ಗಮನ ಕೊಟ್ಟಿದ್ದರು. ಪರೀಕ್ಷೆಗೆ ಓದಿದ್ದು ಆ ಹುಡುಗನ ಮುಂದೆ ಕೂತಾಗ ಅರ್ಥವಾಯಿತು.

ಮರುದಿನದಿಂದ ಕ್ರಮ ಬದಲಾಯಿಸಿದೆ. ಅಮ್ಮ ಅವನ ಮುಖ ನೋಡಿ "ಊಟ ಆದ್ಮೇಲೆ ಬರ್ತೀನಿ ಕಂದಾ" ಅಂತ ಹೇಳಿಯೇ ಹೋಗಬೇಕು. ಹೇಳಿದ ಹೊತ್ತಿಗೆ ಬರಲೇಬೇಕು. ಅವನು ಅತ್ತ, ಎಂಟು ದಿನ ಅತ್ತ. "ಅಳಬೇಡ" ಅನ್ನದೆ ಸುಮ್ನೆ ಪಕ್ಕದಲ್ಲಿ ಕೂತಿರುತ್ತಿದ್ದೆ. ಒಂಬತ್ತನೇ ದಿನ ಬ್ಲಾಕ್ ಜೋಡಿಸಲು ಎದ್ದ. ಒಂದೊಂದು ಬ್ಲಾಕ್ ಇಟ್ಟಾಗಲೂ ತಿರುಗಿ ನಾನಿದ್ದೀನಾ ಅಂತ ನೋಡುತ್ತಿದ್ದ. ಆಮೇಲಾಮೇಲೆ ತಿರುಗುವುದೂ ಕಡಿಮೆಯಾಯಿತು.

ನನಗೆ ಅಂಟಿಕೊಂಡ ಮೇಲೆ ನನ್ನನ್ನೇ ಕಲಿಯತೊಡಗಿದ. ಒಂದು ದಿನ ಗೊಂಬೆಯ ಮುಂದೆ ಬೆರಳಾಡಿಸುತ್ತಾ, "ಎಷ್ಟು ಸಲ ಹೇಳ್ಬೇಕು ನಿಂಗೆ?" ಅಂತ ಗದರುತ್ತಿದ್ದ. ದನಿ ನನ್ನದು. ಸೊಂಟದ ಮೇಲಿಟ್ಟ ಎಡಗೈಯೂ ನನ್ನದೇ. ಎದೆ ಧಸಕ್ ಅಂದಿತು. 1961ರಲ್ಲಿ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಮಾಡಿದ ಪ್ರಯೋಗದಲ್ಲಿ, ದೊಡ್ಡವರು ಗೊಂಬೆಗೆ ಹೊಡೆಯುವುದನ್ನು ನೋಡಿದ ಮಕ್ಕಳು ಅದೇ ಏಟು, ಅದೇ ಮಾತನ್ನು ತಾವೂ ಆಡಿದ್ದರು. ಪಾಠ ಮಾಡುವಾಗ ನಾನು ಜಾಗ್ರತೆಯಾಗಿಯೇ ಇರುತ್ತಿದ್ದೆ. ಅವನು ಹಿಡಿದಿದ್ದು ಸುಸ್ತಾದಾಗಿನ ನನ್ನನ್ನು.

ಈಗಲೂ ಕೆಲವೊಮ್ಮೆ ದನಿ ಏರುತ್ತದೆ. ಆಗ ಮಗುವಿನ ಎತ್ತರಕ್ಕೆ ಕೂತು, "ಜೋರಾಗಿ ಕೂಗಿಬಿಟ್ಟೆ, ತಪ್ಪಾಯ್ತು ಮರಿ" ಅನ್ನುತ್ತೇನೆ. ಮಕ್ಕಳು ಅದನ್ನೂ ನೋಡುತ್ತಿರುತ್ತಾರೆ.

ಕೆಲವು ತಿಂಗಳ ನಂತರ ಹೊಸ ಹುಡುಗಿಯೊಬ್ಬಳು ಸೇರಿದಳು. ಬಾಗಿಲ ಬಳಿ ನಿಂತು ಒಂದೇ ಸಮನೆ ಅಳುತ್ತಿದ್ದಳು. ಇವನು ಬ್ಲಾಕ್ ಬಿಟ್ಟು ಎದ್ದು ಹೋಗಿ ಅವಳ ಪಕ್ಕ ಕೂತ. ತುಂಬ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಅಂದ, "ಊಟ ಆದ್ಮೇಲೆ ಬರ್ತಾರೆ."